ಮೊಬೈಲು ಮತ್ತು ಮನಸ್ಸು: ಕೇಳಬೇಕಾದ ಪ್ರಶ್ನೆ ಯಾವುದು?



'ಈ ಮೊಬೈಲ್ ಬಂದ ಮೇಲೆ ಮಕ್ಕಳು ಕೆಟ್ಟುಹೋದರು' ಎಂಬ ಮಾತನ್ನು ನೀವು ಮನೆಯಲ್ಲಿ, ಶಾಲೆಯಲ್ಲಿ, ಬಸ್ ನಿಲ್ದಾಣದಲ್ಲಿ ಕೇಳಿಯೇ ಇರುತ್ತೀರಿ. 'ಪಾಠವೂ ಅದರಲ್ಲೇ ಬರುತ್ತದೆ, ಅದರಿಂದ ಏನು ಕೆಡಕು?' ಎಂದು ನೀವು ಉತ್ತರ ಕೊಟ್ಟಿರಲೂಬಹುದು. ಇವೆರಡೂ ಅಭಿಪ್ರಾಯಗಳು. ಅಭಿಪ್ರಾಯ ಸರಿಯೋ ತಪ್ಪೋ ಎಂದು ತಿಳಿಯಬೇಕಾದರೆ ಅದನ್ನು ಪರೀಕ್ಷಿಸಬೇಕು. ಡಿಜಿಟಲ್ ತಂತ್ರಜ್ಞಾನದಿಂದ ಹದಿಹರೆಯದವರ ಮನಸ್ಸಿನ ಮೇಲೆ ಆಗುವ ಪರಿಣಾಮವನ್ನು ವಿಜ್ಞಾನಿಗಳು ಹೇಗೆ ಪರೀಕ್ಷಿಸುತ್ತಾರೆ, ಇದುವರೆಗೆ ಅವರಿಗೆ ತಿಳಿದಿರುವುದೇನು, ನಮ್ಮ ಹಳ್ಳಿಗಳಲ್ಲಿ ಇಂಥ ಅಧ್ಯಯನ ಮಾಡುವುದಾದರೆ ಹೇಗೆ ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಇದು ಕೇವಲ ಪಂಡಿತರಿಗೆ ಸೇರಿದ ವಿಷಯವೆಂದು ತಿಳಿಯಬೇಡಿ. ಇಂಥ ಮಾತುಗಳನ್ನು ನಂಬಿಕೊಂಡೇ ಮನೆಗಳಲ್ಲಿ ತೀರ್ಮಾನಗಳು ಆಗುತ್ತವೆ. ಒಂದು ಮನೆಯಲ್ಲಿ ಮಗಳ ಕೈಯಿಂದ ಫೋನ್ ಕಿತ್ತುಕೊಳ್ಳುತ್ತಾರೆ. ಅದರೊಂದಿಗೆ ಅವಳ ಪಾಠವೂ ಗೆಳತಿಯರ ಸಂಪರ್ಕವೂ ನಿಂತುಹೋಗುತ್ತದೆ. ಇನ್ನೊಂದು ಮನೆಯಲ್ಲಿ ಹುಡುಗನೊಬ್ಬ ತಿಂಗಳುಗಟ್ಟಲೆ ಯಾರೊಡನೆಯೂ ಮಾತಾಡುವುದಿಲ್ಲ. 'ಎಲ್ಲ ಆ ಮೊಬೈಲಿನಿಂದ' ಎಂದು ಹೇಳಿ ಎಲ್ಲರೂ ಸುಮ್ಮನಾಗುತ್ತಾರೆ. ಅವನಿಗೆ ನಿಜವಾಗಿ ಏನಾಗಿದೆಯೆಂದು ಯಾರೂ ಕೇಳುವುದಿಲ್ಲ. ತಪ್ಪು ಕಾರಣ ಹಿಡಿದರೆ ಆಗುವ ನಷ್ಟ ಇದು.

ಕಲಬುರಗಿಯ ಹಳ್ಳಿಗಳಲ್ಲಿ ಟಿ.ವಿ. ಬಂದಾಗ

ಹೊಸ ಯಂತ್ರವೊಂದು ಹಳ್ಳಿಗೆ ಬಂದಾಗ ಅದರ ಪರಿಣಾಮವನ್ನು ಅಳೆಯುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದಲ್ಲಿ 'ಸೈಟ್' ಎಂಬ ದೊಡ್ಡ ಪ್ರಯೋಗ ನಡೆಯಿತು. ಉಪಗ್ರಹದ ಮೂಲಕ ದೂರದರ್ಶನ ಶಿಕ್ಷಣ ನೀಡುವ ಪ್ರಯೋಗವದು. ಅಮೆರಿಕದ ನಾಸಾ ಸಂಸ್ಥೆ ಒಂದು ವರ್ಷದ ಮಟ್ಟಿಗೆ ಕೊಟ್ಟ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ನೇರವಾಗಿ ಬಂದವು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದದ್ದು ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಕಲಬುರಗಿ ಸೀಮೆಯ ಹಳ್ಳಿಗರು ಊರ ನಡುವೆ ಇಟ್ಟ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ಟಿ.ವಿ. ನೋಡಿದ್ದರು.

ಈ ಪ್ರಯೋಗ ನಡೆಸಿದವರು ಟಿ.ವಿ. ಕೊಟ್ಟು ಸುಮ್ಮನಿರಲಿಲ್ಲ. ಟಿ.ವಿ. ಬರುವ ಮೊದಲು, ಬಂದಾಗ ಮತ್ತು ಹೋದ ಮೇಲೆ, ಹೀಗೆ ಮೂರು ಹಂತಗಳಲ್ಲಿ ಜನರನ್ನು ಪ್ರಶ್ನಿಸಿದರು. ಟಿ.ವಿ. ಇದ್ದ ಹಳ್ಳಿಗಳನ್ನು ಇಲ್ಲದ ಹಳ್ಳಿಗಳೊಂದಿಗೆ ಹೋಲಿಸಿದರು. ಮಾನವಶಾಸ್ತ್ರ ಕಲಿತ ಸಂಶೋಧಕರು ಕೆಲವು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ಉಳಿದು ಜನಜೀವನವನ್ನು ಗಮನಿಸಿದರು. ಮೊದಲ ದಿನಗಳಲ್ಲಿ ಜನ ಕಿಕ್ಕಿರಿದು ಸೇರಿದರೂ ಕುತೂಹಲ ತಣಿದ ಮೇಲೆ ನೋಡುಗರ ಸಂಖ್ಯೆ ಇಳಿಯಿತು. ಮೊದಲ ವಾರದಲ್ಲಿ ಮಾತ್ರ ಎಣಿಸಿದ್ದರೆ ಬರುತ್ತಿದ್ದ ಉತ್ತರವೇ ಬೇರೆ.

ಮೂರು ಪಾಠಗಳನ್ನು ಇಲ್ಲಿಂದ ನೆನಪಿಟ್ಟುಕೊಳ್ಳಿ. ಒಂದು, ಬದಲಾವಣೆಯನ್ನು ತಿಳಿಯಲು 'ಮೊದಲು ಹೇಗಿತ್ತು' ಎಂಬುದು ಗೊತ್ತಿರಬೇಕು. ಎರಡು, ಹೋಲಿಸಲು ಇನ್ನೊಂದು ಗುಂಪು ಬೇಕು. ಮೂರು, ಸಾಕಷ್ಟು ಕಾಲ ಕಾಯಬೇಕು.

ಮೊಬೈಲಿನ ವಿಷಯದಲ್ಲಿ ಮೊದಲ ಪಾಠವನ್ನು ಪಾಲಿಸುವುದು ಕಷ್ಟವಾಗಿದೆ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಪ್ರಸಾರವಾದವು. ಅದೇ ಕಾಲದಲ್ಲಿ ಅನೇಕ ಮಕ್ಕಳ ಕೈಗೆ ಪಾಠಕ್ಕೆಂದು ಫೋನೂ ಬಂದಿತು. ಫೋನ್ ಬಂದದ್ದು, ಶಾಲೆ ಮುಚ್ಚಿದ್ದು, ಮನೆಯ ದುಡಿಮೆ ನಿಂತದ್ದು, ಕಾಯಿಲೆಯ ಭಯ ಹರಡಿದ್ದು ಎಲ್ಲವೂ ಒಟ್ಟಿಗೇ ಆದವು. ಆ ಮೇಲೆ ಮಗುವೊಂದು ಮಂಕಾಗಿದ್ದರೆ ಇವುಗಳಲ್ಲಿ ಯಾವುದರಿಂದ ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಏನನ್ನು ಅಳೆಯಬೇಕು?

'ಮಾನಸಿಕ ಸ್ವಾಸ್ಥ್ಯ' ಎಂದರೇನು? ಮನೋರೋಗ ಇಲ್ಲದಿರುವುದಷ್ಟೇ ಸ್ವಾಸ್ಥ್ಯವಲ್ಲ. ದಿನದ ಕಷ್ಟಗಳನ್ನು ತಾಳಿಕೊಳ್ಳುವುದು, ಕಲಿಯುವುದು, ಕೆಲಸ ಮಾಡುವುದು, ಇತರರೊಡನೆ ಬೆರೆಯುವುದು ಇವೆಲ್ಲ ಅದರಲ್ಲಿ ಸೇರಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜ್ವರಕ್ಕೆ ಥರ್ಮಾಮೀಟರ್ ಇದ್ದಂತೆ ಇದಕ್ಕೆ ಒಂದು ಉಪಕರಣ ಇಲ್ಲ. ಪ್ರಶ್ನೆ ಕೇಳಿಯೇ ತಿಳಿಯಬೇಕು. ಆದ್ದರಿಂದ ಪ್ರಶ್ನೆಯ ಭಾಷೆ ಬಹಳ ಮುಖ್ಯ.

'ಡಿಜಿಟಲ್ ಬಳಕೆ' ಎಂಬುದೂ ಒಂದೇ ವಸ್ತುವಲ್ಲ. ದೂರದ ಊರಿಗೆ ದುಡಿಯಲು ಹೋದ ಅಣ್ಣನ ಮುಖ ನೋಡಿ ಮಾತಾಡುವುದು, ಗಣಿತದ ಪಾಠ ನೋಡುವುದು, ರಾತ್ರಿ ಒಂದು ಗಂಟೆಯವರೆಗೆ ಆಟ ಆಡುವುದು, ಇತರರ ಚಿತ್ರಗಳನ್ನು ನೋಡಿ 'ನಾನು ಹೀಗಿಲ್ಲವಲ್ಲ' ಎಂದು ಕೊರಗುವುದು, ಗುಂಪಿನಲ್ಲಿ ಯಾರೋ ಹಾಕಿದ ಹಂಗಿಸುವ ಮಾತನ್ನು ಓದುವುದು ಇವೆಲ್ಲವೂ ಒಂದೇ ಪರದೆಯ ಮೇಲೆ ನಡೆಯುತ್ತವೆ. ಇವನ್ನೆಲ್ಲ ಕೂಡಿಸಿ 'ದಿನಕ್ಕೆ ನಾಲ್ಕು ಗಂಟೆ' ಎಂದು ಬರೆದುಕೊಂಡರೆ ನಮಗೆ ತಿಳಿಯುವುದು ಬಹಳ ಸ್ವಲ್ಪ.

ಗಂಟೆಗಳ ಲೆಕ್ಕವೂ ಅಷ್ಟು ನಂಬುವಂಥದ್ದಲ್ಲ. 'ನಿನ್ನೆ ಎಷ್ಟು ಹೊತ್ತು ಫೋನ್ ನೋಡಿದಿರಿ?' ಎಂದು ಕೇಳಿದರೆ ಜನ ಅಂದಾಜಿನಿಂದ ಉತ್ತರಿಸುತ್ತಾರೆ. ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಜನ ಬಾಯಲ್ಲಿ ಹೇಳಿದ ಸಮಯಕ್ಕೂ ಯಂತ್ರದಲ್ಲಿ ದಾಖಲಾದ ಸಮಯಕ್ಕೂ ಹೊಂದಿಕೆ ಸಾಧಾರಣ ಮಟ್ಟದ್ದು ಎಂದು ಕಂಡುಬಂದಿತು. ಬೇಕಾದರೆ ಇಂದೇ ಪರೀಕ್ಷಿಸಿ. ನಿಮ್ಮ ಅಂದಾಜನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಲೆಕ್ಕ ನೋಡಿ.

ಯಾವುದು ಮೊದಲು, ಯಾವುದು ಆಮೇಲೆ?

ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಕಬ್ಬಿನ ಹಾಲಿನ ಮಾರಾಟ ಹೆಚ್ಚುತ್ತದೆ. ಅದೇ ದಿನಗಳಲ್ಲಿ ಬಾವಿಗೆ ಈಜಲು ಇಳಿಯುವ ಹುಡುಗರೂ ಹೆಚ್ಚುತ್ತಾರೆ. ಕಬ್ಬಿನ ಹಾಲು ಕುಡಿದದ್ದರಿಂದ ಹುಡುಗರು ಬಾವಿಗೆ ಇಳಿದರು ಎಂದು ಯಾರೂ ಹೇಳುವುದಿಲ್ಲ. ಎರಡಕ್ಕೂ ಕಾರಣ ಬಿಸಿಲು. ಎರಡು ಸಂಗತಿಗಳು ಜೊತೆಯಾಗಿ ಏರಿಳಿಯುವುದನ್ನು 'ಸಹಸಂಬಂಧ' ಎನ್ನುತ್ತಾರೆ. ಸಹಸಂಬಂಧ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವಂತಿಲ್ಲ.

ಹೆಚ್ಚು ಫೋನ್ ನೋಡುವ ವಿದ್ಯಾರ್ಥಿಗಳಲ್ಲಿ ಬೇಸರ ಹೆಚ್ಚು ಎಂದು ಒಂದು ಸಮೀಕ್ಷೆಯಲ್ಲಿ ಕಂಡಿತು ಎನ್ನೋಣ. ಅದಕ್ಕೆ ಮೂರು ಅರ್ಥಗಳಿರಬಹುದು. ಫೋನಿನಿಂದ ಬೇಸರ ಬಂದಿರಬಹುದು. ಮೊದಲೇ ಬೇಸರಗೊಂಡವರು ಅದನ್ನು ಮರೆಯಲು ಫೋನ್ ಹಿಡಿದಿರಬಹುದು. ಮನೆಯ ಜಗಳ, ಪರೀಕ್ಷೆಯ ಭಯ, ನಿದ್ರೆಗೇಡು ಇಂಥ ಮೂರನೆಯ ಕಾರಣವೊಂದು ಎರಡನ್ನೂ ಹೆಚ್ಚಿಸಿರಬಹುದು.

ಈ ಗೊಂದಲದ ಹಳೆಯ ಉದಾಹರಣೆ ಅಮೆರಿಕದ ಪಿಟ್ಸ್‌ಬರ್ಗ್ ನಗರದ್ದು. ಇಂಟರ್ನೆಟ್ ಆಗಷ್ಟೇ ಮನೆಗಳಿಗೆ ಬರುತ್ತಿದ್ದ 1990ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು 73 ಮನೆಗಳ 169 ಜನರನ್ನು ಒಂದೆರಡು ವರ್ಷ ಅಧ್ಯಯನ ಮಾಡಿದರು. ಹೆಚ್ಚು ಬಳಸಿದವರಲ್ಲಿ ಒಂಟಿತನ ಮತ್ತು ಖಿನ್ನತೆ ತುಸು ಹೆಚ್ಚಿದವು ಎಂದು 1998ರಲ್ಲಿ ಪ್ರಕಟಿಸಿದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ಅವರು ಅಲ್ಲಿಗೇ ಬಿಡದೆ ಅದೇ ಜನರನ್ನು ಮತ್ತಷ್ಟು ಕಾಲ ಗಮನಿಸಿದರು. ಮೊದಲು ಕಂಡ ಕೆಟ್ಟ ಪರಿಣಾಮಗಳು ಬಹುಮಟ್ಟಿಗೆ ಮಾಯವಾಗಿದ್ದವು ಎಂದು 2002ರಲ್ಲಿ ತಾವೇ ಬರೆದರು. ಹೊಸದಾಗಿ ಅಧ್ಯಯನಕ್ಕೆ ತೆಗೆದುಕೊಂಡ ಇನ್ನೊಂದು ಗುಂಪಿನಲ್ಲಿ ಮತ್ತೊಂದು ಅಂಶ ಕಂಡಿತು: ಮೊದಲೇ ಬಂಧುಬಳಗದ ಆಸರೆ ಚೆನ್ನಾಗಿದ್ದವರಿಗೆ ಇಂಟರ್ನೆಟ್ಟಿನಿಂದ ಹೆಚ್ಚು ಒಳಿತಾಗಿತ್ತು, ಆಸರೆ ಕಡಿಮೆ ಇದ್ದವರಿಗೆ ಅಷ್ಟು ಆಗಿರಲಿಲ್ಲ.

ಒಂದು ಕ್ವಿಂಟಲಿನಲ್ಲಿ ಎಷ್ಟು ಪಾಲು?

2019ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್‌ಸ್ಕಿ ಅವರು ಅಮೆರಿಕ ಮತ್ತು ಬ್ರಿಟನ್ನಿನ ಮೂರು ದೊಡ್ಡ ಸಮೀಕ್ಷೆಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅವುಗಳಲ್ಲಿ 3,55,358 ಹದಿಹರೆಯದವರ ಉತ್ತರಗಳಿದ್ದವು. ಒಂದೇ ಸಮೀಕ್ಷೆಯನ್ನು ಬೇರೆ ಬೇರೆ ರೀತಿಯಲ್ಲಿ ಲೆಕ್ಕ ಹಾಕಿದರೆ ಬೇರೆ ಬೇರೆ ಉತ್ತರ ಬರುತ್ತದೆ. ತನಗೆ ಒಪ್ಪುವ ಲೆಕ್ಕವನ್ನೇ ಸಂಶೋಧಕ ಆರಿಸಿಕೊಳ್ಳುವ ಅಪಾಯವೂ ಇದೆ. ಅದನ್ನು ತಪ್ಪಿಸಲು ಅವರು ಸಾಧ್ಯವಿರುವ ಸಾವಿರಾರು ಲೆಕ್ಕಗಳನ್ನೂ ಮಾಡಿ ನೋಡಿದರು.

ಬಂದ ಉತ್ತರವೇನು? ಹದಿಹರೆಯದವರ ಸ್ವಾಸ್ಥ್ಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಯೊಂದಿಗೆ ಹೊಂದುವುದು ಹೆಚ್ಚೆಂದರೆ ಶೇಕಡಾ 0.4. ಆ ವ್ಯತ್ಯಾಸವೆಲ್ಲವನ್ನೂ ಒಂದು ಕ್ವಿಂಟಲ್ ತೊಗರಿ ಎಂದುಕೊಂಡರೆ ಇದರ ಪಾಲು 400 ಗ್ರಾಂ. ಇತರರಿಂದ ಪೀಡನೆಗೆ ಒಳಗಾಗುವುದು ಸ್ವಾಸ್ಥ್ಯದೊಂದಿಗೆ ಇದಕ್ಕಿಂತ ಬಹಳ ಹೆಚ್ಚು ಕೆಟ್ಟ ಸಂಬಂಧ ಹೊಂದಿತ್ತು. ಸಾಕಷ್ಟು ನಿದ್ರೆ ಮತ್ತು ದಿನವೂ ಬೆಳಗಿನ ಉಪಾಹಾರ ಇದಕ್ಕಿಂತ ಬಹಳ ಹೆಚ್ಚು ಒಳ್ಳೆಯ ಸಂಬಂಧ ಹೊಂದಿದ್ದವು.

ಹಾಗಾದರೆ ಮೊಬೈಲಿನಿಂದ ತೊಂದರೆ ಇಲ್ಲವೆಂದೇ ತೀರ್ಮಾನಿಸಬಹುದೇ? ಅವಸರ ಬೇಡ. ಹೊಳೆಯ ನೀರು ಸರಾಸರಿ ಮೊಣಕಾಲುದ್ದ ಎಂದು ನಂಬಿ ಇಳಿದವನು ಗುಂಡಿಯಲ್ಲಿ ಮುಳುಗಿದ ಕಥೆ ನಿಮಗೆ ಗೊತ್ತಿರಬಹುದು. ಲಕ್ಷಾಂತರ ಮಕ್ಕಳ ಸರಾಸರಿಯಲ್ಲಿ ಕೆಲವರ ದೊಡ್ಡ ಕಷ್ಟ ಕಾಣದೆ ಹೋಗಬಹುದು. ಎಲ್ಲ ಬಗೆಯ ಬಳಕೆಯನ್ನೂ ಕೂಡಿಸಿ ನೋಡಿದರೆ ಸಾಮಾಜಿಕ ಜಾಲತಾಣಗಳ ಪರಿಣಾಮ ಮರೆಯಾಗುತ್ತದೆ, ಅದರಲ್ಲೂ ಹುಡುಗಿಯರ ಮೇಲಿನ ಪರಿಣಾಮ ಮರೆಯಾಗುತ್ತದೆ ಎಂದು ಬೇರೆ ಮನಶ್ಶಾಸ್ತ್ರಜ್ಞರು ಆಕ್ಷೇಪಿಸಿದ್ದಾರೆ. ಈ ವಾದ ಇನ್ನೂ ನಡೆಯುತ್ತಿದೆ.

ಕಾರಣವನ್ನು ತಿಳಿಯುವ ಹೆಚ್ಚು ಗಟ್ಟಿ ದಾರಿ ಪ್ರಯೋಗ. ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಬಳಕೆಯನ್ನು ಮಾತ್ರ ಬದಲಾಯಿಸಿ ಎರಡನ್ನೂ ಹೋಲಿಸಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ಇಂಥ ಪ್ರಯೋಗ ನಡೆದು 2018ರಲ್ಲಿ ಪ್ರಕಟವಾಯಿತು. ಮೂರು ಜಾಲತಾಣಗಳನ್ನು ದಿನಕ್ಕೆ ತಲಾ 10 ನಿಮಿಷಕ್ಕೆ ಇಳಿಸಿದವರಲ್ಲಿ ಮೂರು ವಾರಗಳ ನಂತರ ಒಂಟಿತನ ಮತ್ತು ಖಿನ್ನತೆಯ ಲಕ್ಷಣಗಳು ಕಡಿಮೆಯಾದವು. ಅದೇ ದೇಶದಲ್ಲಿ 2018ರಲ್ಲಿ ನಡೆದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಜನರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ನಿಲ್ಲಿಸಲು ಹೇಳಿದರು. ಅವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು. ಮನಸ್ಸಿನ ನೆಮ್ಮದಿ ಸ್ವಲ್ಪ ಹೆಚ್ಚಿತು. ಆದರೆ ಪ್ರಚಲಿತ ಸುದ್ದಿಯ ತಿಳಿವಳಿಕೆ ಕಡಿಮೆಯಾಯಿತು. ಈ ಫಲಿತಾಂಶಗಳು ಪೂರ್ತಿ ಒಳ್ಳೆಯವೂ ಅಲ್ಲ, ಪೂರ್ತಿ ಕೆಟ್ಟವೂ ಅಲ್ಲ ಎಂಬುದನ್ನು ಗಮನಿಸಿ.

ಚಿಕಿತ್ಸೆ ಬೇಕಾಗುವುದು ಯಾವಾಗ?

ಕೆಲವರಿಗೆ ತೊಂದರೆ ನಿಜವಾಗಿಯೂ ದೊಡ್ಡದು. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ 'ಷಟ್' ಎಂಬ ಚಿಕಿತ್ಸಾಲಯವನ್ನು ಆರಂಭಿಸಿತು. ತಂತ್ರಜ್ಞಾನವನ್ನು ಆರೋಗ್ಯಕರವಾಗಿ ಬಳಸಲು ನೆರವಾಗುವುದು ಅದರ ಉದ್ದೇಶ. ಈ ಕೆಲಸದ ಮುಂದಾಳು ಚಿಕಿತ್ಸಾ ಮನಶ್ಶಾಸ್ತ್ರಜ್ಞ ಡಾ. ಮನೋಜ್ ಕುಮಾರ್ ಶರ್ಮಾ. ಭಾರತದಲ್ಲಿ ಈ ಬಗೆಯ ಮೊದಲ ಚಿಕಿತ್ಸಾಲಯವದು.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ಆಟದ ಗೀಳನ್ನು ಒಂದು ಕಾಯಿಲೆಯೆಂದು ಸೇರಿಸಲಾಗಿದೆ. ಈ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು. 2022ರ ಜನವರಿಯಿಂದ ಅದು ಜಾರಿಗೆ ಬಂದಿತು. ಆದರೆ ಆ ಪಟ್ಟಿ ಗಂಟೆಗಳನ್ನು ಎಣಿಸುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಊಟ-ನಿದ್ರೆ-ಓದಿಗಿಂತ ಆಟವೇ ಮುಖ್ಯವಾಗಿದೆಯೇ, ಹಾನಿಯಾಗುತ್ತಿದೆಯೆಂದು ತಿಳಿದೂ ಆಟ ಮುಂದುವರಿದಿದೆಯೇ ಎಂಬ ಮೂರು ಲಕ್ಷಣಗಳನ್ನು ನೋಡುತ್ತದೆ. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಷ್ಟು ಕಾಲ ಕಂಡಿರಬೇಕು, ಬದುಕಿಗೆ ಗಣನೀಯ ಅಡ್ಡಿಯಾಗಿರಬೇಕು. ಪರೀಕ್ಷೆ ಮುಗಿದ ವಾರ ಹಗಲೆಲ್ಲ ಆಟವಾಡಿದ ಹುಡುಗನಿಗೆ 'ಗೀಳು ಹಿಡಿದಿದೆ' ಎನ್ನುವುದು ಸರಿಯಲ್ಲ.

ಭೂಸನೂರಿನಲ್ಲಿ ಅಧ್ಯಯನ ಮಾಡುವುದಾದರೆ

ಇಲ್ಲಿಯವರೆಗೆ ಹೇಳಿದ ಬಹುಪಾಲು ಅಧ್ಯಯನಗಳು ಅಮೆರಿಕ, ಬ್ರಿಟನ್ನುಗಳವು. ನಮ್ಮ ಹಳ್ಳಿಗಳ ಮಕ್ಕಳ ಬಗ್ಗೆ ನಡೆದಿರುವುದು ಕಡಿಮೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂಥ ದೊಡ್ಡ ಸಮೀಕ್ಷೆಗೂ 12 ರಾಜ್ಯಗಳನ್ನಷ್ಟೇ ಆರಿಸಿಕೊಳ್ಳಲಾಗಿತ್ತು. ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ; ಪೂರ್ವಸಿದ್ಧತೆಯ ಪರೀಕ್ಷೆ ಮಾತ್ರ ಕೋಲಾರದಲ್ಲಿ ನಡೆದಿತ್ತು.

ಈಗ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಭೂಸನೂರನ್ನು ತೆಗೆದುಕೊಳ್ಳೋಣ. ಸಕ್ಕರೆ ಕಾರ್ಖಾನೆ ಇರುವ ಊರು ಅದು. ಇದೇ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಮನಶ್ಶಾಸ್ತ್ರ ವಿಭಾಗವೂ ಇದೆ. ನಾಳೆ ನಿಮ್ಮಲ್ಲೊಬ್ಬರು ಅಲ್ಲಿ ಓದಿ, ಭೂಸನೂರಿನ ಹೈಸ್ಕೂಲು, ಕಾಲೇಜುಗಳ ಮಕ್ಕಳ ಅಧ್ಯಯನಕ್ಕೆ ಹೊರಟರೆಂದು ಭಾವಿಸಿ. ಪರದೇಶದ ಪ್ರಶ್ನಾವಳಿಯನ್ನೇ ಕನ್ನಡಕ್ಕೆ ತಿರುಗಿಸಿ ಕೇಳಿದರೆ ಸಾಕೇ?

ಮೊದಲ ತೊಡಕು, 'ನಿಮ್ಮ ಫೋನ್' ಎಂಬ ಮಾತು. ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಕುರಿತ 2023ರ 'ಅಸರ್' ಸಮೀಕ್ಷೆಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಲು ಬಲ್ಲ ಹುಡುಗರಲ್ಲಿ ಶೇಕಡಾ 43.7 ಮಂದಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ ಶೇಕಡಾ 19.8 ಮಂದಿಗೆ ಮಾತ್ರ. ಅಪ್ಪನದೋ ಅಣ್ಣನದೋ ಫೋನನ್ನು ಅರ್ಧ ಗಂಟೆ ಪಡೆದು ಬಳಸುವ ಹುಡುಗಿಗೆ 'ದಿನಕ್ಕೆ ಎಷ್ಟು ಗಂಟೆ' ಎಂಬ ಪ್ರಶ್ನೆಗಿಂತ 'ಬೇಕಾದಾಗ ಸಿಗುತ್ತದೆಯೇ, ಯಾರನ್ನು ಕೇಳಬೇಕು, ಬಳಸುವಾಗ ಪಕ್ಕದಲ್ಲಿ ಯಾರಿರುತ್ತಾರೆ' ಎಂಬ ಪ್ರಶ್ನೆಗಳು ಹೆಚ್ಚು ಮುಖ್ಯ. ಫೋನ್ ಹೆಚ್ಚಾದದ್ದರಿಂದ ಬರುವ ಬೇಸರ ಇರುವಂತೆ, ಸಿಗದೆ ಹೋದದ್ದರಿಂದ ಬರುವ ಬೇಸರವೂ ಇರಬಹುದು. ಪ್ರಶ್ನಾವಳಿಯಲ್ಲಿ ಎರಡಕ್ಕೂ ಜಾಗ ಇರಬೇಕು.

ಎರಡನೆಯ ತೊಡಕು ಭಾಷೆ. 'ನಿಮಗೆ ಖಿನ್ನತೆ ಇದೆಯೇ?' ಎಂದರೆ ಭೂಸನೂರಿನ ಹುಡುಗ 'ಇಲ್ಲ' ಎಂದುಬಿಡಬಹುದು. ಅದೇ ಹುಡುಗ ಗೆಳೆಯನ ಹತ್ತಿರ 'ಯಾಕೋ ಜೀವಕ್ಕ ಸಮಾಧಾನಿಲ್ಲ', 'ಯಾರ ಜೋಡಿನೂ ಮಾತಾಡ್ಲಿಕ್ಕೆ ಮನಸ್ಸಾಗವಲ್ದು' ಎನ್ನುತ್ತಿರಬಹುದು. ಮೊದಲು ಕೆಲವರೊಡನೆ ಕುಳಿತು ಮಾತಾಡಿ, ಅವರ ಮಾತುಗಳಿಂದಲೇ ಪ್ರಶ್ನೆ ರಚಿಸಬೇಕು. 1975ರಲ್ಲಿ ಹಳ್ಳಿಗಳಲ್ಲೇ ಉಳಿದ ಸಂಶೋಧಕರ ದಾರಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಕಾಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಊರಿನ ದಿನಚರಿಯೇ ಬೇರೆ. ಅದು ಮುಗಿದ ಮೇಲೆ ಬೇರೆ. ಮಾರ್ಚ್ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಯ ಮನಸ್ಸು ಎಂತಿರುತ್ತದೆಂದು ಬೇರೆ ಹೇಳಬೇಕಿಲ್ಲ. ಒಂದೇ ಸಲ ಕೇಳಿ ಬಂದರೆ ಆ ಋತುವಿನ ಉತ್ತರ ಮಾತ್ರ ಸಿಗುತ್ತದೆ. ವರ್ಷದಲ್ಲಿ ಮೂರು ನಾಲ್ಕು ಸಲ ಅದೇ ಮಕ್ಕಳನ್ನು ಕೇಳಬೇಕು.

ನಾಲ್ಕನೆಯದು ಶಾಲೆ ಬಿಟ್ಟವರು. ತರಗತಿಯಲ್ಲಿ ಪ್ರಶ್ನಾವಳಿ ಹಂಚಿದರೆ ತರಗತಿಗೆ ಬಂದವರು ಮಾತ್ರ ಉತ್ತರಿಸುತ್ತಾರೆ. ಮನೆಯವರೊಡನೆ ದುಡಿಯಲು ಹೋದವರು, ಮದುವೆಯಾಗಿ ಶಾಲೆ ಬಿಟ್ಟ ಹುಡುಗಿಯರು, ಬೇಸರದಿಂದಲೇ ಶಾಲೆಗೆ ಬಾರದವರು ಲೆಕ್ಕಕ್ಕೆ ಸಿಗುವುದಿಲ್ಲ. ಹೆಚ್ಚು ತೊಂದರೆಯಲ್ಲಿರುವವರೇ ಬಿಟ್ಟುಹೋದರೆ ಉತ್ತರ ಸುಳ್ಳಾಗುತ್ತದೆ.

ಕೊನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು ನಂಬಿಕೆ. ಹೆಸರು ಬರೆಸಬಾರದು. ಹದಿನೆಂಟು ತುಂಬದವರಾದರೆ ಅವರ ಮತ್ತು ಪಾಲಕರ ಒಪ್ಪಿಗೆ ಎರಡೂ ಬೇಕು. ಯಾರ ಫೋನನ್ನೂ ತೆರೆದು ನೋಡಬಾರದು. 'ಬದುಕು ಬೇಡವೆನಿಸಿದೆ' ಎಂದು ಯಾರಾದರೂ ಹೇಳಿದರೆ ಅದನ್ನು ಒಂದು ಅಂಕಿಯೆಂದು ಬರೆದುಕೊಂಡು ಮುಂದೆ ಹೋಗುವಂತಿಲ್ಲ; ಅವರನ್ನು ಆ ದಿನವೇ ನೆರವಿಗೆ ತಲುಪಿಸುವ ಏರ್ಪಾಡು ಅಧ್ಯಯನ ಆರಂಭವಾಗುವ ಮೊದಲೇ ಆಗಿರಬೇಕು.

ನೀವೇ ಮಾಡಿ ನೋಡಿ

ದೊಡ್ಡ ಅಧ್ಯಯನಕ್ಕೆ ಕಾಯಬೇಕಿಲ್ಲ. ನಿಮ್ಮ ಮೇಲೆ ನೀವೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಒಂದು ನೋಟ್‌ಪುಸ್ತಕ ಸಾಕು.

1. ಮೊದಲ ಹದಿನಾಲ್ಕು ದಿನ ಏನನ್ನೂ ಬದಲಾಯಿಸದೆ ಬರೆಯಿರಿ: ಮಲಗಿದ ಸಮಯ, ಎದ್ದ ಸಮಯ, ಫೋನನ್ನು ಯಾತಕ್ಕೆ ಬಳಸಿದಿರಿ, ಎಷ್ಟು ಹೊತ್ತು, ಯಾರೊಡನೆ. ಸಂಜೆ ನಿಮ್ಮ ಮನಸ್ಸಿಗೆ 1ರಿಂದ 5ರವರೆಗೆ ಒಂದು ಅಂಕ ಕೊಡಿ.

2. ಅದೇ ಸಾಲಿನಲ್ಲಿ ಆ ದಿನದ ಇತರ ಸಂಗತಿಗಳನ್ನೂ ಬರೆಯಿರಿ: ಪರೀಕ್ಷೆ, ಜಗಳ, ಹಬ್ಬ, ಆಟ, ಜ್ವರ. ಇವನ್ನು ಬರೆಯದಿದ್ದರೆ ಎಲ್ಲ ತಪ್ಪೂ ಫೋನಿನ ಮೇಲೆ ಬೀಳುತ್ತದೆ.

3. ಮುಂದಿನ ಹದಿನಾಲ್ಕು ದಿನಗಳಿಗೆ ಹದಿನಾಲ್ಕು ಚೀಟಿ ಮಾಡಿ. ಏಳರಲ್ಲಿ 'ಹೊರಗೆ', ಏಳರಲ್ಲಿ 'ಎಂದಿನಂತೆ' ಎಂದು ಬರೆದು ಡಬ್ಬಿಯಲ್ಲಿ ಹಾಕಿ. ದಿನವೂ ಸಂಜೆ ಒಂದು ಚೀಟಿ ಎತ್ತಿ. 'ಹೊರಗೆ' ಬಂದ ರಾತ್ರಿ ಫೋನನ್ನು ಮಲಗುವ ಜಾಗದಿಂದ ದೂರ ಇಡಿ. ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಬೇಡಿ. ನಿಮಗೆ ಸ್ವಂತ ಫೋನ್ ಇಲ್ಲದಿದ್ದರೆ ರಾತ್ರಿಯ ಟಿ.ವಿ.ಯನ್ನೇ ಇಟ್ಟುಕೊಳ್ಳಬಹುದು.

4. ಕೊನೆಗೆ ಎರಡು ಬಗೆಯ ರಾತ್ರಿಗಳ ನಿದ್ರೆಯ ಸರಾಸರಿಯನ್ನೂ ಮರುದಿನದ ಮನಸ್ಸಿನ ಅಂಕದ ಸರಾಸರಿಯನ್ನೂ ಹೋಲಿಸಿ.

ಚೀಟಿ ಏಕೆ ಬೇಕೆಂದು ನಿಮಗೆ ಹೊಳೆದಿರಬಹುದು. ನೀವೇ ದಿನ ಆರಿಸಿದರೆ, ಮನಸ್ಸು ಚೆನ್ನಾಗಿರುವ ದಿನವೇ ಫೋನನ್ನು ದೂರ ಇಡುತ್ತೀರಿ. ಆಗ ಯಾವುದರಿಂದ ಯಾವುದಾಯಿತೆಂದು ತಿಳಿಯದು. ಹದಿನಾಲ್ಕು ದಿನಗಳ ಲೆಕ್ಕದಿಂದ ಲೋಕಕ್ಕೆಲ್ಲ ನಿಯಮ ಹೇಳಲಾಗದು. ಆದರೆ ನಿಮ್ಮ ಸಂಗತಿ ನಿಮಗೆ ಸ್ವಲ್ಪ ಸ್ಪಷ್ಟವಾಗುತ್ತದೆ. ವ್ಯತ್ಯಾಸ ಕಾಣದೆ ಹೋದರೆ ಅದನ್ನೂ ಹಾಗೆಯೇ ಬರೆದಿಡಿ. ನಿರೀಕ್ಷಿಸಿದ್ದು ಬಾರದಿದ್ದಾಗಲೂ ಇದ್ದದ್ದನ್ನು ಇದ್ದಂತೆ ಬರೆಯುವುದು ಸಂಶೋಧಕನ ಮೊದಲ ಕರ್ತವ್ಯ.

ನೋಟ್‌ಪುಸ್ತಕದಲ್ಲಿ ದಿನದಿನವೂ 1 ಅಥವಾ 2 ಅಂಕವೇ ಬರುತ್ತಿದ್ದರೆ, ಫೋನ್ ಹೊರಗಿದ್ದರೂ ಒಳಗಿದ್ದರೂ ಮನಸ್ಸು ಏಳದಿದ್ದರೆ, ಪ್ರಯೋಗ ಅಲ್ಲಿಗೆ ನಿಲ್ಲಿಸಿ. ನೀವು ನಂಬುವ ಹಿರಿಯರೊಬ್ಬರಿಗೆ, ಶಿಕ್ಷಕರಿಗೆ ಅಥವಾ ವೈದ್ಯರಿಗೆ ತಿಳಿಸಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ-ಮಾನಸ್' ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಗೆಳೆಯನೊಬ್ಬ ಹೀಗಿರುವುದು ಕಂಡರೆ ಅವನ ಪರವಾಗಿ ನೀವೂ ಕೇಳಬಹುದು. ಈ ಕರೆ ಹೋಗುವುದೂ ಫೋನಿನಿಂದಲೇ ಎಂಬುದನ್ನು ಫೋನ್ ಕಿತ್ತಿಡುವ ಮೊದಲು ಹಿರಿಯರು ನೆನೆಯಬೇಕು.

ಮುಂದೆ ಯಾರಾದರೂ 'ಮೊಬೈಲಿನಿಂದ ಮಕ್ಕಳು ಕೆಟ್ಟರು' ಎಂದಾಗ ಸಿಟ್ಟಾಗಬೇಡಿ, ತಲೆಯಾಡಿಸಲೂ ಬೇಡಿ. ಯಾವ ಮಕ್ಕಳು, ಯಾವ ಬಳಕೆ, ಯಾರೊಡನೆ ಹೋಲಿಸಿ, ಎಷ್ಟು ಕಾಲ ನೋಡಿ ಈ ಮಾತು ಹೇಳುತ್ತಿದ್ದೀರಿ ಎಂದು ವಿನಯದಿಂದ ಕೇಳಿ. 'ಮೊಬೈಲಿನಿಂದ ಏನೂ ಆಗುವುದಿಲ್ಲ' ಎನ್ನುವ ಗೆಳೆಯನಿಗೂ ಅದೇ ಪ್ರಶ್ನೆ ಕೇಳಿ. ಮಂಕಾಗಿ ಕುಳಿತ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ, ಅವರ ಕೈಯಲ್ಲಿ ಏನಿದೆ ಎಂದು ನೋಡುವುದಕ್ಕೆ ಮೊದಲು ಪಕ್ಕದಲ್ಲಿ ಕುಳಿತು 'ಏನಾಗಿದೆ?' ಎಂದು ಕೇಳಿ.